ಹೃದಯ ಒಂದು ಪಾಠ, ಮೂತ್ರಪಿಂಡ ಇನ್ನೊಂದು ಪಾಠ: ಒಟ್ಟಿಗೆ ಓದುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯ ವಿದ್ಯಾರ್ಥಿನಿ. ಜೀರ್ಣಾಂಗ, ಉಸಿರಾಟ, ರಕ್ತಪರಿಚಲನೆ, ವಿಸರ್ಜನೆ, ನರವ್ಯೂಹ ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆಯಾ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವೂ ಬರುತ್ತದೆ. ಆದರೆ ‘ತಿಂದ ಪಿಷ್ಟದಲ್ಲಿದ್ದ ಗ್ಲೂಕೋಸ್ ತೊಡೆಯ ಸ್ನಾಯುವನ್ನು ತಲುಪುವ ದಾರಿ ಬರೆಯಿರಿ’ ಎಂಬಂಥ ಪ್ರಶ್ನೆ ಬಂದರೆ ಕೈಯೇ ಓಡುವುದಿಲ್ಲ. ಅಪಧಮನಿ, ಅಭಿಧಮನಿ ಈಗಲೂ ಅದಲುಬದಲಾಗುತ್ತವೆ. ಚಿತ್ರ ನೋಡುವಾಗ ಎಲ್ಲ ಗೊತ್ತು, ಬರೆಯಲು ಕೂತರೆ ಏನೂ ನೆನಪಿಲ್ಲ. ಹೇಗೆ ಓದಲಿ?

ಉತ್ತರ: ನಿಮಗೆ ಕೈಕೊಟ್ಟ ಆ ಗ್ಲೂಕೋಸ್ ಪ್ರಶ್ನೆಯಿಂದಲೇ ಶುರು ಮಾಡೋಣ. ಪಾಠಪುಸ್ತಕ ದೇಹವನ್ನು ಅಂಗಗಳ ಲೆಕ್ಕದಲ್ಲಿ ಹಂಚುತ್ತದೆ, ಏಕೆಂದರೆ ಪುಸ್ತಕಕ್ಕೆ ಅಧ್ಯಾಯಗಳು ಬೇಕು. ದೇಹದೊಳಗೆ ಅಧ್ಯಾಯಗಳಿಲ್ಲ, ಸಾಗಾಟವಿದೆ. ನೀವು ಕಲಿತಿರುವುದು ನಿಲ್ದಾಣಗಳ ಹೆಸರು. ಕಲಿಯಬೇಕಾದದ್ದು ದಾರಿ. ಒಂದು ವಸ್ತುವನ್ನು ಹಿಡಿದು ಅದರ ಹಿಂದೆ ನಡೆಯಿರಿ. ಪ್ರತಿ ಹೆಜ್ಜೆಗೂ ಮೂರು ಪ್ರಶ್ನೆ ಕೇಳಿ: ಎಲ್ಲಿಂದ ಎಲ್ಲಿಗೆ ಹೋಯಿತು? ತಳ್ಳಿದ್ದು ಯಾವುದು? ಯಾವ ಗೋಡೆ ದಾಟಿತು?

ಬಾಯಲ್ಲಿ ಲಾಲಾರಸದ ಅಮೈಲೇಸ್ ಪಿಷ್ಟವನ್ನು ಒಡೆಯಲು ತೊಡಗುತ್ತದೆ. ಜಠರದ ಆಮ್ಲ ಸಿಕ್ಕಿದೊಡನೆ ಆ ಕಿಣ್ವದ ಕೆಲಸ ನಿಲ್ಲುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಉಳಿದದ್ದನ್ನು ಮಾಲ್ಟೋಸ್ ಮಾಡುತ್ತದೆ, ಕರುಳಿನ ಒಳಗೋಡೆಯಲ್ಲೇ ಇರುವ ಮಾಲ್ಟೇಸ್ ಅದನ್ನು ಗ್ಲೂಕೋಸ್ ಆಗಿ ಒಡೆಯುತ್ತದೆ. ಗ್ಲೂಕೋಸ್ ಆ ಗೋಡೆಯ ಬೆರಳಿನಂಥ ಚಾಚುಗಳಾದ ವಿಲ್ಲೈ ಒಳಗಿನ ಲೋಮನಾಳಕ್ಕೆ (ಅತಿ ಸಣ್ಣ ರಕ್ತನಾಳ) ಇಳಿಯುತ್ತದೆ. ಅಲ್ಲಿಂದ ಪೋರ್ಟಲ್ ಅಭಿಧಮನಿ, ಯಕೃತ್ತು, ಯಕೃತ್ತಿನ ಅಭಿಧಮನಿ, ಕೆಳ ಮಹಾಭಿಧಮನಿ, ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಶ್ವಾಸಕೋಶದ ಅಪಧಮನಿ, ಶ್ವಾಸಕೋಶದ ಲೋಮನಾಳ, ಶ್ವಾಸಕೋಶದ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಕಾಲಿನ ಅಪಧಮನಿ, ಕೊನೆಗೆ ತೊಡೆಯ ಸ್ನಾಯುವಿನ ಲೋಮನಾಳ, ಜೀವಕೋಶ.

ಹೆಚ್ಚಿನವರು ತಪ್ಪುವುದು ಎರಡು ಕಡೆ. ಒಂದು, ಯಕೃತ್ತನ್ನೇ ಬಿಟ್ಟು ಕರುಳಿನಿಂದ ನೇರ ಹೃದಯಕ್ಕೆ ಕಳಿಸುತ್ತಾರೆ. ಇನ್ನೊಂದು, ಶ್ವಾಸಕೋಶವನ್ನು ಬಿಡುತ್ತಾರೆ. ‘ಗ್ಲೂಕೋಸ್‌ಗೆ ಶ್ವಾಸಕೋಶದಲ್ಲಿ ಏನು ಕೆಲಸ?’ ಎಂದು ಕೇಳಿದರೆ, ಕೆಲಸವೇನೂ ಇಲ್ಲ. ಆದರೆ ಬಲ ಹೃತ್ಕುಕ್ಷಿಯಿಂದ ಹೊರಡುವ ರಕ್ತಕ್ಕೆ ಬೇರೆ ದಾರಿಯೂ ಇಲ್ಲ. ಈ ಒಂದು ಮಾತು ಅರ್ಥವಾದರೆ ಇಮ್ಮಡಿ ಪರಿಚಲನೆ (ಒಂದು ಸುತ್ತಿನಲ್ಲಿ ರಕ್ತ ಎರಡು ಸಲ ಹೃದಯ ಹಾಯುವುದು) ಅರ್ಥವಾದಂತೆ. ಸ್ನಾಯುವಿನಲ್ಲಿ ಆ ಗ್ಲೂಕೋಸ್ ಆಮ್ಲಜನಕದೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಅಂದರೆ ಬಾಯಿಂದ ಒಳಹೋದ ಇಂಗಾಲ ಮೂಗಿನಿಂದ ಹೊರಬರುತ್ತದೆ. ಮೂರು ಪಾಠಗಳು ಒಂದೇ ಸಾಲಿನಲ್ಲಿ ಮುಗಿದವು.

ಇದೇ ರೀತಿ ಇನ್ನು ನಾಲ್ಕು ಪ್ರಯಾಣ ಬರೆಯಿರಿ: ಗಾಳಿಯ ಆಮ್ಲಜನಕ ಮಿದುಳಿಗೆ, ಸ್ನಾಯುವಿನ ಕಾರ್ಬನ್ ಡೈಆಕ್ಸೈಡ್ ಹೊರಗೆ, ಯಕೃತ್ತಿನಲ್ಲಿ ತಯಾರಾದ ಯೂರಿಯ ಮೂತ್ರಕೋಶಕ್ಕೆ, ಕರುಳಿನ ಕೊಬ್ಬು ಹೃದಯಕ್ಕೆ. ಕೊನೆಯದು ಬೇಕೆಂದೇ ಇಟ್ಟದ್ದು. ಕೊಬ್ಬಿನ ಬಹುಪಾಲು ಪೋರ್ಟಲ್ ಅಭಿಧಮನಿ ಹಿಡಿಯುವುದಿಲ್ಲ. ವಿಲ್ಲೈ ನಡುವಿನ ದುಗ್ಧನಾಳಕ್ಕೆ (ರಕ್ತವಲ್ಲದೆ ದುಗ್ಧರಸ ಹರಿಯುವ ನಾಳ) ಹೋಗಿ, ಕುತ್ತಿಗೆಯ ಬುಡದ ಹತ್ತಿರ ಅಭಿಧಮನಿಗೆ ಸೇರುತ್ತದೆ.

ಈಗ ಅಪಧಮನಿ, ಅಭಿಧಮನಿಯ ಗೊಂದಲ. ಇದಕ್ಕೆ ಉತ್ತರ ಹೆಸರಿನಲ್ಲೇ ಇದೆ, ಆದರೆ ಯಾರೂ ಬಿಡಿಸಿ ಹೇಳುವುದಿಲ್ಲ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ‘ಅಭಿಮುಖ’ ಎನ್ನುವಾಗಿನ ‘ಅಭಿ’ಯೇ ಇದು. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯಕ್ಕೆ ಅಭಿಮುಖವಾಗಿ ತರುವುದು ಅಭಿಧಮನಿ. ರಕ್ತದಲ್ಲಿ ಏನಿದೆ ಎಂಬುದಕ್ಕೂ ಈ ಹೆಸರುಗಳಿಗೂ ಸಂಬಂಧವಿಲ್ಲ. (ಪೋರ್ಟಲ್ ಅಭಿಧಮನಿ ಸ್ವಲ್ಪ ತುಂಟ: ಹೃದಯದ ಕಡೆ ಹೊರಟು ಯಕೃತ್ತಿನಲ್ಲೇ ಕವಲೊಡೆದು ಮತ್ತೆ ಲೋಮನಾಳಗಳಾಗುತ್ತದೆ.)

ಗೊಂದಲದ ನಿಜವಾದ ಮೂಲ ‘ಶುದ್ಧ ರಕ್ತ, ಅಶುದ್ಧ ರಕ್ತ’ ಎಂಬ ಜೋಡಿ ಪದ. ದಯವಿಟ್ಟು ಇದನ್ನು ಬಿಟ್ಟುಬಿಡಿ. ಮೂತ್ರಪಿಂಡದಿಂದ ಹೊರಬರುವ ಅಭಿಧಮನಿಯ ರಕ್ತದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಅದು ‘ಅಶುದ್ಧ’. ಯೂರಿಯ ಮಾತ್ರ ಇಡೀ ದೇಹದಲ್ಲೇ ಅತಿ ಕಡಿಮೆ ಇರುವುದು ಅದರಲ್ಲೇ, ಹಾಗಾಗಿ ಅದು ‘ಶುದ್ಧ’! ಅದರ ಬದಲು ‘ಆಮ್ಲಜನಕಯುಕ್ತ’, ‘ಆಮ್ಲಜನಕರಹಿತ’ ಎಂದು ಬರೆಯಿರಿ. ಎರಡನೆಯದೂ ಪೂರ್ತಿ ನಿಜವಲ್ಲ: ವಿಶ್ರಾಂತಿಯಲ್ಲಿರುವಾಗ ಹೃದಯಕ್ಕೆ ಮರಳುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಆಮ್ಲಜನಕ ಇನ್ನೂ ಉಳಿದಿರುತ್ತದೆ. ಚಿತ್ರದಲ್ಲಿ ನೀಲಿ ಬಣ್ಣ ಬಳಿಯುವುದು ಗುರುತಿಗಾಗಿ, ರಕ್ತ ನೀಲಿಯಾಗಿ ಇರುತ್ತದೆಂದಲ್ಲ. ಅದು ಗಾಢ ಕೆಂಪು.

ಮನೆಮಾತಿನ ಇನ್ನೂ ಮೂರು ಪದಗಳು ಕಾಲು ಎಳೆಯುತ್ತವೆ. ‘ಕೈಯಲ್ಲಿ ನರ ಎದ್ದು ಕಾಣುತ್ತಿದೆ’ ಎನ್ನುತ್ತೇವಲ್ಲ, ಅಲ್ಲಿ ಕಾಣುವುದು ಅಭಿಧಮನಿ. ಮಣಿಕಟ್ಟು ಬಗ್ಗಿಸಿದಾಗ ಗಟ್ಟಿಯಾಗಿ ಎದ್ದು ನಿಲ್ಲುವುದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಜೀವಶಾಸ್ತ್ರದ ನರ ಇವೆರಡೂ ಅಲ್ಲ, ಅದು ವಿದ್ಯುತ್ ಆವೇಗ ಒಯ್ಯುವ ತಂತುಗಳ ಕಟ್ಟು, ಒಳಗೆ ಟೊಳ್ಳಿಲ್ಲ. ಎರಡನೆಯದು ‘ಉಸಿರಾಟ’. ಎದೆ ಏರಿಳಿಯುವುದು ಒಂದು, ಜೀವಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ಬಿಡುಗಡೆಯಾಗುವುದು ಇನ್ನೊಂದು. ‘ಉಸಿರಾಟ ಎಲ್ಲಿ ನಡೆಯುತ್ತದೆ?’ ಎಂದರೆ ಯಾವುದನ್ನು ಕೇಳಿದ್ದಾರೆಂದು ಮೊದಲು ನೋಡಿ. ಮೂರನೆಯದು ‘ವಿಸರ್ಜನೆ’. ಮಲದಲ್ಲಿ ಹೋಗುವುದರ ಹೆಚ್ಚಿನ ಪಾಲು ಜೀವಕೋಶದೊಳಗೆ ಹೊಕ್ಕೇ ಇಲ್ಲ, ಹಾಗಾಗಿ ಅದು ಈ ಪಾಠದ ಅರ್ಥದಲ್ಲಿ ವಿಸರ್ಜನೆಯಲ್ಲ. ಜೀವಕೋಶಗಳ ಕೆಲಸದಿಂದ ಹುಟ್ಟಿದ ಯೂರಿಯ, ಕಾರ್ಬನ್ ಡೈಆಕ್ಸೈಡ್ ಹೊರಹೋಗುವುದು ವಿಸರ್ಜನೆ. ಹಾಗೆ ನೋಡಿದರೆ ಶ್ವಾಸಕೋಶವೂ ವಿಸರ್ಜನಾಂಗವೇ.

ದಾರಿ ಹಿಡಿತಕ್ಕೆ ಬಂದ ಮೇಲೆ ಮಾಡಬೇಕಾದ ಅಭ್ಯಾಸ ಇದು. ಒಂದೊಂದು ಅಂಗಕ್ಕೂ ಒಂದು ಪೆಟ್ಟಿಗೆ ಬರೆದು, ಒಳಬರುವ ರಕ್ತನಾಳ ಎಡಕ್ಕೆ, ಹೊರಹೋಗುವುದು ಬಲಕ್ಕೆ ಹಾಕಿ. ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್, ಗ್ಲೂಕೋಸ್, ಯೂರಿಯ ಈ ನಾಲ್ಕರಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಎಂದು ಬಾಣ ಹಾಕಿ. ಸ್ನಾಯು: ಆಮ್ಲಜನಕ ಇಳಿಯಿತು, ಗ್ಲೂಕೋಸ್ ಇಳಿಯಿತು, ಕಾರ್ಬನ್ ಡೈಆಕ್ಸೈಡ್ ಏರಿತು. ಯಕೃತ್ತು: ಯೂರಿಯ ಏರಿತು, ಊಟವಾದ ಮೇಲಾದರೆ ಗ್ಲೂಕೋಸ್ ಇಳಿಯಿತು, ಉಪವಾಸವಿದ್ದರೆ ಏರಿತು. ಊಟದ ನಂತರ ಗ್ಲೂಕೋಸ್ ಅತಿ ಹೆಚ್ಚು ಎಲ್ಲಿ? ಪೋರ್ಟಲ್ ಅಭಿಧಮನಿ. ಯೂರಿಯ ಅತಿ ಹೆಚ್ಚು? ಯಕೃತ್ತಿನ ಅಭಿಧಮನಿ. ಆಮ್ಲಜನಕ ಅತಿ ಹೆಚ್ಚು? ಶ್ವಾಸಕೋಶದ ಅಭಿಧಮನಿ. ಪರೀಕ್ಷೆಯಲ್ಲಿ ತಲೆಕೆಡಿಸುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಈ ಪೆಟ್ಟಿಗೆಗಳಿಂದಲೇ ಹುಟ್ಟುತ್ತವೆ.

ಅಂಕಿಗಳನ್ನು ಬಾಯಿಪಾಠ ಮಾಡಬೇಡಿ ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ: ಕೆಲವೇ ಅಂಕಿ ಇಟ್ಟುಕೊಳ್ಳಿ, ಆದರೆ ಗುಣಿಸಿ ನೋಡಿ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ, ಒಂದು ಬಡಿತಕ್ಕೆ ಎಡ ಹೃತ್ಕುಕ್ಷಿ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ. ಗುಣಿಸಿದರೆ 4,900 ಮಿ.ಲೀ., ಅಂದಾಜು 5 ಲೀಟರ್. ವಯಸ್ಕರ ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ. ಹಾಗಾದರೆ ಸರಾಸರಿ ಒಂದು ನಿಮಿಷಕ್ಕೆ ಒಂದು ಸುತ್ತು. ಇಂಥದೇ ಲೆಕ್ಕದಿಂದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತುತ್ತದೆ ಎಂದು ವಾದಿಸಿದ್ದು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ದೇಹದಲ್ಲಿರುವ ಒಟ್ಟು ರಕ್ತವನ್ನು ಮೀರುತ್ತದೆ, ಅಷ್ಟನ್ನು ಹೊಸದಾಗಿ ತಯಾರಿಸುವುದು ಅಸಾಧ್ಯ, ಹಾಗಾಗಿ ಅದೇ ರಕ್ತ ಮರಳಿ ಬರುತ್ತಿರಬೇಕು ಎಂಬುದು ಅವನ ತರ್ಕ. ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ಲೋಮನಾಳವನ್ನು ಅವನು ಕಾಣಲೇ ಇಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ಅದನ್ನು ಕಂಡಾಗ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇನ್ನೊಂದು ಗುಣಾಕಾರ. ಒಂದು ಲೀಟರ್ ಆಮ್ಲಜನಕಯುಕ್ತ ರಕ್ತ ಸುಮಾರು 200 ಮಿ.ಲೀ. ಆಮ್ಲಜನಕ ಹೊರುತ್ತದೆ. ಐದು ಲೀಟರಿಗೆ 1,000 ಮಿ.ಲೀ. ಅದರಲ್ಲಿ ಕಾಲು ಭಾಗ, ಅಂದರೆ 250 ಮಿ.ಲೀ. ಮಾತ್ರ ನಿಮಿಷಕ್ಕೆ ಖರ್ಚಾಗುತ್ತದೆ. ಈಗ ಶ್ವಾಸಕೋಶದ ಕಡೆಯಿಂದ ನೋಡಿ: ಉಸಿರಿಗೆ 500 ಮಿ.ಲೀ., ನಿಮಿಷಕ್ಕೆ 12 ಉಸಿರು, ಒಟ್ಟು 6 ಲೀಟರ್. ಒಳಹೋಗುವ ಗಾಳಿಯಲ್ಲಿ ಆಮ್ಲಜನಕ 21%, ಹೊರಬರುವುದರಲ್ಲಿ ಸುಮಾರು 16%. ವ್ಯತ್ಯಾಸ 5%, ಅಂದರೆ 300 ಮಿ.ಲೀ. ಎರಡು ಬೇರೆ ಪಾಠಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿತು. ಬಿಟ್ಟ ಗಾಳಿಯಲ್ಲಿ ಆಮ್ಲಜನಕವೇ ಇರುವುದಿಲ್ಲ ಎಂಬ ತಪ್ಪು ಇನ್ನು ನಿಮ್ಮಿಂದ ಆಗದು.

ಗ್ಲೂಕೋಸ್‌ನದು ಇನ್ನೂ ಸ್ವಾರಸ್ಯ. ಉಪವಾಸದಲ್ಲಿ 100 ಮಿ.ಲೀ. ರಕ್ತಕ್ಕೆ 70ರಿಂದ 100 ಮಿ.ಗ್ರಾಂ. ಗ್ಲೂಕೋಸ್ ಇರುತ್ತದೆ. ಐದು ಲೀಟರಿಗೆ ಲೆಕ್ಕ ಹಾಕಿದರೆ ಬರುವುದು ಹೆಚ್ಚೆಂದರೆ 5 ಗ್ರಾಂ. ಇಡೀ ರಕ್ತದಲ್ಲಿ ಒಂದು ಚಹಾ ಚಮಚದಷ್ಟು ಸಕ್ಕರೆ! 60 ಗ್ರಾಂ ಪಿಷ್ಟವಿರುವ ಊಟ ಜೀರ್ಣವಾಗಿ ನೇರ ರಕ್ತಕ್ಕೆ ಸುರಿದರೆ ಏನಾಗಬಹುದು ಯೋಚಿಸಿ. ಪೋರ್ಟಲ್ ಅಭಿಧಮನಿ ಮೊದಲು ಯಕೃತ್ತಿಗೇ ಹೋಗುವುದು ಏಕೆ, ಇನ್ಸುಲಿನ್ ಯಕೃತ್ತಿನಲ್ಲಿ ಗ್ಲೂಕೋಸನ್ನು ಗ್ಲೈಕೋಜೆನ್ ಆಗಿ ಕೂಡಿಡಿಸುವುದು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮೂತ್ರಪಿಂಡದ ವಿಷಯದಲ್ಲಿ ಬಹುತೇಕರ ಕಲ್ಪನೆಯೇ ತಲೆಕೆಳಗು. ಅದು ರಕ್ತದೊಳಗಿನ ಕಸವನ್ನು ಹೆಕ್ಕಿ ತೆಗೆಯುವುದಿಲ್ಲ. ಮೊದಲು ಸಣ್ಣ ಅಣುಗಳನ್ನೆಲ್ಲ ಹೊರಗೆ ಸುರಿದು, ಆಮೇಲೆ ಬೇಕಾದದ್ದನ್ನು ಹೆಕ್ಕಿಕೊಳ್ಳುತ್ತದೆ. ಮೂತ್ರಪಿಂಡದೊಳಗಿನ ಲೋಮನಾಳಗಳ ಗೊಂಚಲಾದ ಗ್ಲೋಮೆರುಲಸ್‌ಗೆ ರಕ್ತ ತರುವ ನಾಳಕ್ಕಿಂತ ಒಯ್ಯುವ ನಾಳ ಕಿರಿದು, ಹಾಗಾಗಿ ಒತ್ತಡ ನಿಲ್ಲುತ್ತದೆ. ಆ ಒತ್ತಡಕ್ಕೆ ನೀರು, ಗ್ಲೂಕೋಸ್, ಲವಣ, ಯೂರಿಯ ಎಲ್ಲ ಅದನ್ನು ಸುತ್ತುವರಿದ ಬಟ್ಟಲಿನಂಥ ಬೋಮನ್‌ನ ಕೋಶಕ್ಕೆ ಸೋರುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನ್‌ಗಳು ರಕ್ತದಲ್ಲೇ ಉಳಿಯುತ್ತವೆ. ಹೀಗೆ ದಿನಕ್ಕೆ ಸೋಸಿ ಬರುವುದು ಸುಮಾರು 180 ಲೀಟರ್, ಮೂತ್ರವಾಗಿ ಹೋಗುವುದು ಸುಮಾರು 1.5 ಲೀಟರ್. ಶೇ. 99ಕ್ಕೂ ಹೆಚ್ಚು ವಾಪಸ್. ಗ್ಲೂಕೋಸ್ ಪೂರ್ತಿಯಾಗಿ ಮೊದಲ ಸುರುಳಿ ನಾಳದಲ್ಲೇ ಮರಳುತ್ತದೆ. ರಕ್ತದ ಗ್ಲೂಕೋಸ್ 100 ಮಿ.ಲೀ.ಗೆ 180 ಮಿ.ಗ್ರಾಂ.ನ ಆಸುಪಾಸು ದಾಟಿದರೆ ವಾಪಸ್ ಪಡೆಯುವ ಸಾಮರ್ಥ್ಯ ಸಾಲದೆ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಸೋಸಲು ಬೇಕಾದ ಒತ್ತಡ ಕೊಡುವುದು ಹೃದಯ. ರಕ್ತದೊತ್ತಡ ತೀರ ಕುಸಿದರೆ ಮೂತ್ರ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು.

ಉಸಿರು ಎಳೆಯುವುದನ್ನು ಬರೆಯುವಾಗ ಕಾರಣ ಮತ್ತು ಪರಿಣಾಮ ತಿರುಗುಮುರುಗಾಗುತ್ತವೆ. ‘ಗಾಳಿ ಒಳಬಂದು ಎದೆ ಹಿಗ್ಗುತ್ತದೆ’ ಎಂದರೆ ತಪ್ಪು. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಸಂಕುಚಿಸಿ ಚಪ್ಪಟೆಯಾಗುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ, ಎದೆಗೂಡಿನ ಗಾತ್ರ ಹೆಚ್ಚುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ, ಆಮೇಲೆ ಗಾಳಿ ಬರುತ್ತದೆ. ಸಾಮಾನ್ಯ ಉಸಿರಿಗೆ ಒತ್ತಡದ ವ್ಯತ್ಯಾಸ 1 ಮಿ.ಮೀ. ಪಾದರಸದಷ್ಟಿದ್ದರೆ ಸಾಕು. ಬಾಟಲಿಯ ತಳ ಕತ್ತರಿಸಿ, ಒಳಗೆ ಬಲೂನು ಇಳಿಬಿಟ್ಟು, ಕೆಳಗೆ ರಬ್ಬರ್ ಹಾಳೆ ಬಿಗಿಯುವ ಮಾದರಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಾಳೆ ಎಳೆದಾಗ ಬಲೂನು ಉಬ್ಬದಿದ್ದರೆ ಬಿರಡೆಯ ಸುತ್ತ ಅಥವಾ ಹಾಳೆಯ ಅಂಚಿನಲ್ಲಿ ಗಾಳಿ ಸೋರುತ್ತಿದೆ ಎಂದರ್ಥ, ಅಂಟುಪಟ್ಟಿ ಸುತ್ತಿ. ಮಾದರಿಯ ಕೊರತೆಯನ್ನೂ ಬರೆಯಿರಿ: ಬಾಟಲಿಯ ಗೋಡೆ ಪಕ್ಕೆಲುಬಿನಂತೆ ಹಿಗ್ಗುವುದಿಲ್ಲ; ಬಲೂನಿನ ಸುತ್ತ ಬೇಕಾದಷ್ಟು ಗಾಳಿಯಿದೆ, ದೇಹದಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳುವಾದ ದ್ರವದ ಪದರ ಮಾತ್ರ; ಹಾಳೆ ಚಪ್ಪಟೆಯಿಂದ ಕೆಳಕ್ಕೆ ಜಗ್ಗುತ್ತದೆ, ವಪೆ ಗುಮ್ಮಟದಿಂದ ಚಪ್ಪಟೆಯಾಗುತ್ತದೆ.

ಚಿತ್ರ ಮರೆಯುವುದು ನೋಡಿ ಬರೆದು ಕಲಿತದ್ದರಿಂದ. ಮುಂದೆ ಹೀಗೆ ಮಾಡಿ: ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಐದು ನಿಮಿಷದಲ್ಲಿ ನೆನಪಿದ್ದಷ್ಟು ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದನ್ನು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ಖಾಲಿ ಹಾಳೆ. ಕೆಂಪು ಎಲ್ಲಿ ಮತ್ತೆ ಮತ್ತೆ ಬೀಳುತ್ತದೋ ಅಷ್ಟನ್ನೇ ಓದಿ. ಹೃದಯವನ್ನು ಮೊದಲು ಚೆಂದವಾಗಿ ಬರೆಯಲು ಹೋಗಬೇಡಿ. ನಾಲ್ಕು ಚೌಕ, ನಾಲ್ಕು ಕವಾಟ, ಬಾಣಗಳು, ಅಷ್ಟೇ. ಅದು ಕೈಗೆ ಕೂತ ಮೇಲೆ ನಿಜವಾದ ಆಕಾರ. ಚಿತ್ರದಲ್ಲಿ ನಿಮ್ಮ ಬಲಗೈ ಕಡೆ ಕಾಣುವುದು ಹೃದಯದ ಎಡಭಾಗ, ಏಕೆಂದರೆ ಆ ವ್ಯಕ್ತಿ ನಿಮ್ಮೆದುರಿಗೆ ನಿಂತಿದ್ದಾನೆ. ಅನುಮಾನ ಬಂದರೆ ಚಿತ್ರ ಹೊರಮುಖವಾಗಿರುವಂತೆ ಹಾಳೆಯನ್ನು ಎದೆಗೊತ್ತಿ ಹಿಡಿಯಿರಿ, ಎಡ ಬಲ ತಾನಾಗಿ ಸರಿಹೋಗುತ್ತವೆ. ಎಡ ಹೃತ್ಕುಕ್ಷಿಯ ಗೋಡೆಯನ್ನು ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪವಾಗಿ ಬರೆಯಿರಿ. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ಸುಮಾರು 25 ಮಿ.ಮೀ. ಪಾದರಸದ ಒತ್ತಡದಲ್ಲಿ ತಳ್ಳಿದರೆ, ಎಡಭಾಗ ಇಡೀ ದೇಹಕ್ಕೆ 120ರಲ್ಲಿ ತಳ್ಳಬೇಕು. ಹೆಸರಿಸುವ ಗೆರೆ ಸ್ಕೇಲಿನಿಂದ ಎಳೆದು, ಆ ಭಾಗವನ್ನೇ ಮುಟ್ಟಬೇಕು. ಗೆರೆಗಳು ಒಂದನ್ನೊಂದು ದಾಟಬಾರದು.

ಪ್ರಯೋಗಗಳಲ್ಲಿ ಹೆಚ್ಚು ಕೈಕೊಡುವುದು ಲಾಲಾರಸದ್ದು. 100 ಮಿ.ಲೀ. ನೀರಿಗೆ 1 ಗ್ರಾಂ ಪಿಷ್ಟ ಹಾಕಿ ಕುದಿಸಿ, ಪೂರ್ತಿ ಆರಿಸಿ. ಮೂರು ಪ್ರನಾಳಗಳಿಗೆ 5 ಮಿ.ಲೀ.ಯಂತೆ ಹಾಕಿ. ಒಂದಕ್ಕೆ 1 ಮಿ.ಲೀ. ಲಾಲಾರಸ, ಎರಡನೆಯದಕ್ಕೆ ಕುದಿಸಿ ಆರಿಸಿದ ಲಾಲಾರಸ, ಮೂರನೆಯದಕ್ಕೆ ಬರೀ ನೀರು. 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ನಿಮಿಷಕ್ಕೊಮ್ಮೆ ಒಂದೊಂದು ಹನಿ ತೆಗೆದು ಬಿಳಿ ತಟ್ಟೆಯ ಮೇಲಿನ ಅಯೋಡಿನ್ ಹನಿಗೆ ಸೇರಿಸಿ. ಮೊದಲನೆಯದರಲ್ಲಿ ಮಾತ್ರ ಕಡುನೀಲಿ ಮಾಸಿ ಅಯೋಡಿನ್‌ನ ಕಂದು ಉಳಿಯಬೇಕು. ನೀಲಿ ಮಾಸದಿದ್ದರೆ ಹೆಚ್ಚಾಗಿ ಪಿಷ್ಟ ಬಿಸಿಯಿದ್ದಾಗಲೇ ಲಾಲಾರಸ ಸುರಿದು ಕಿಣ್ವವನ್ನು ಕೆಡಿಸಿರುತ್ತಾರೆ, ಇಲ್ಲವೇ ಪಿಷ್ಟ ತೀರ ಗಟ್ಟಿಯಾಗಿರುತ್ತದೆ. ಅಯೋಡಿನ್ನನ್ನು ಪ್ರನಾಳಕ್ಕೇ ಹಾಕಬೇಡಿ. ಇನ್ನೊಂದು ಸೂಕ್ಷ್ಮ: ನೀಲಿ ಮಾಯವಾದರೆ ಪಿಷ್ಟ ಹೋಯಿತು ಎಂದಷ್ಟೇ ಸಾಬೀತಾಗುತ್ತದೆ. ಸಕ್ಕರೆ ಬಂತು ಎನ್ನಲು ಬೆನೆಡಿಕ್ಟ್ ದ್ರಾವಣದಲ್ಲಿ ಬಿಸಿಮಾಡಿ ನೋಡಬೇಕು.

ನಾಡಿ ಎಣಿಸುವಾಗ ಹೆಬ್ಬೆರಳು ಬೇಡ, ಅದರದೇ ಮಿಡಿತ ಕೈಗೆ ಸಿಗುತ್ತದೆ. ವ್ಯಾಯಾಮದ ಬಳಿಕ ಪೂರ್ತಿ ನಿಮಿಷ ಎಣಿಸಿದರೆ ಎಣಿಸುವಷ್ಟರಲ್ಲೇ ವೇಗ ಇಳಿದಿರುತ್ತದೆ, ಆದ್ದರಿಂದ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ.

ನರವ್ಯೂಹದಲ್ಲಿ ಒಂದೇ ಎಚ್ಚರಿಕೆ. ಬೀಳುವ ಸ್ಕೇಲನ್ನು ಹಿಡಿಯುವ ಪ್ರಯೋಗವನ್ನು ಪರಾವರ್ತಿತ ಕ್ರಿಯೆ (ಯೋಚಿಸುವ ಮೊದಲೇ ತಾನಾಗಿ ಆಗುವ ಚಲನೆ) ಎಂದು ಬರೆಯಬೇಡಿ. ಸ್ಕೇಲು 20 ಸೆಂ.ಮೀ. ಬಿದ್ದಾಗ ಹಿಡಿದರೆ ತೆಗೆದುಕೊಂಡ ಸಮಯ ಸುಮಾರು 0.2 ಸೆಕೆಂಡ್. ಕಣ್ಣು ನೋಡಿ, ಮಿದುಳು ತೀರ್ಮಾನಿಸಿ, ಕೈ ಮುಚ್ಚಿದ್ದು ಅದು. ಬಿಸಿ ಮುಟ್ಟಿದ ಕೈ ಹಿಂದೆ ಸರಿಯುವಾಗ ಸಂವೇದನಾ ನರ ಮಿದುಳುಬಳ್ಳಿಗೆ ಹಿಂಬದಿಯಿಂದ ಹೊಕ್ಕು, ನಡುವಿನ ನರಕೋಶ ದಾಟಿ, ಚಾಲಕ ನರ ಮುಂಬದಿಯಿಂದ ಹೊರಡುತ್ತದೆ. ಮಿದುಳಿಗೆ ಸುದ್ದಿ ಹೋಗುತ್ತದೆ, ಆದರೆ ಅಪ್ಪಣೆ ಅಲ್ಲಿಂದ ಬರುವುದಿಲ್ಲ. ಅಸ್ಥಿ, ಸ್ನಾಯು ವ್ಯೂಹಕ್ಕೆ ಹೆಚ್ಚು ಸಮಯ ಬೇಡ: ಸ್ನಾಯು ಎಳೆಯಬಲ್ಲದು, ತಳ್ಳಲಾರದು, ಅದಕ್ಕೇ ಜೋಡಿ ಬೇಕು. ಸಂತಾನೋತ್ಪತ್ತಿಗೆ ಸಾಗಾಟದ ವಿಧಾನ ಅಷ್ಟಾಗಿ ಹೊಂದುವುದಿಲ್ಲ, ಅದನ್ನು ದಿನಗಳ ಪಟ್ಟಿಯಂತೆ ಬರೆದುಕೊಳ್ಳಿ. ಅಂಡ ಬಿಡುಗಡೆ ಎಲ್ಲರಿಗೂ 14ನೇ ದಿನವಲ್ಲ, ಮುಂದಿನ ಋತುಸ್ರಾವಕ್ಕೆ ಸುಮಾರು 14 ದಿನ ಮೊದಲು.

ಕೊನೆಗೆ ನಿಮಗೊಂದು ಅಭ್ಯಾಸ. ಮೆಟ್ಟಿಲು ಓಡಿ ಹತ್ತಿದ ಮೊದಲ ಎರಡು ನಿಮಿಷದಲ್ಲಿ ಏನೇನಾಯಿತು, ಪುಸ್ತಕ ಮುಚ್ಚಿ ಬರೆಯಿರಿ. ನಿಮ್ಮ ಉತ್ತರದಲ್ಲಿ ಇವು ಇವೆಯೇ ನೋಡಿಕೊಳ್ಳಿ: ತೊಡೆಯ ಸ್ನಾಯುವಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹುಟ್ಟಿತು, ಉಸಿರು ಮತ್ತು ನಾಡಿ ಎರಡನ್ನೂ ಏರಿಸುವ ಅಪ್ಪಣೆ ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ ಹೊರಟಿತು, ಅಡ್ರಿನಲಿನ್ ಜೊತೆಗೂಡಿತು, ಕರುಳಿನ ಕಡೆಯ ರಕ್ತನಾಳಗಳು ಕಿರಿದಾಗಿ ಸ್ನಾಯುವಿನ ಕಡೆಯವು ಹಿಗ್ಗಿದವು, ಯಕೃತ್ತು ಗ್ಲೈಕೋಜೆನ್ ಒಡೆದು ಗ್ಲೂಕೋಸ್ ಬಿಟ್ಟಿತು, ಚರ್ಮಕ್ಕೆ ರಕ್ತ ಹೆಚ್ಚಾಗಿ ಬೆವರು ಶುರುವಾಯಿತು. ಒಂದೊಂದರ ಮುಂದೂ ‘ಏಕೆಂದರೆ’ ಎಂದು ಬರೆದು ವಾಕ್ಯ ಮುಗಿಸಿ. ಮುಗಿಸಲಾಗದ ವಾಕ್ಯ ಯಾವ ಅಂಗದ್ದೋ, ನಾಳೆಯ ಖಾಲಿ ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಅದನ್ನು.